ಯಾರ ಪಾಲಿನ ಮದ್ದು?

ಬಹಳಷ್ಟು ಮನೆಗಳಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇರುತ್ತದೆ. ಕನ್ನಡಿಯ ಹಿಂದಿನ ಗೂಡಿನಲ್ಲೋ ಬೀರುವಿನ ಮೇಲೋ ಅದರ ಜಾಗ. ಅದರೊಳಗೆ ಜ್ವರದ ಮಾತ್ರೆ, ಅರ್ಧ ಬಳಸಿದ ಕೆಮ್ಮಿನ ಔಷಧಿ, ಬಾಲದಿಂದ ಸುರುಳಿ ಸುತ್ತಿಟ್ಟ ಮುಲಾಮಿನ ಟ್ಯೂಬುಗಳು. ಯಾವುದನ್ನು ಯಾರಿಗೆ ತಂದದ್ದು, ಯಾವಾಗ ತಂದದ್ದು ಎಂಬುದು ಮನೆಯ ಹೆಂಗಸಿಗೆ ಮಾತ್ರ ಗೊತ್ತು. ಎಸೆಯಲು ಅವಳಿಗೆ ಮನಸ್ಸು ಬಾರದು. ಮಿತವ್ಯಯ ನಮಗೆ ಅಜ್ಜಿಯರಿಂದ ಬಂದ ಗುಣ. ಹರಿದ ಸೀರೆ ಕೌದಿಯಾಗುತ್ತದೆ, ರಾತ್ರಿ ಉಳಿದ ಅನ್ನ ಬೆಳಗ್ಗೆ ಚಿತ್ರಾನ್ನವಾಗುತ್ತದೆ, ಉಳಿದ ಮುಲಾಮು ಪಕ್ಕದ ಮನೆಯವರಿಗೆ ಆಗುತ್ತದೆ. "ನಮ್ಮ ಯಜಮಾನರಿಗೆ ಇದರಲ್ಲೇ ವಾಸಿಯಾಯ್ತು, ಹಚ್ಚಿ ನೋಡಿ" ಎಂದು ಕೊಡುವಾಗ ನಮಗೊಂದು ಸಮಾಧಾನವೂ ಇರುತ್ತದೆ.

ಆ ಡಬ್ಬಿಯನ್ನು ಕಂಡಾಗ ನನಗೆ ಒಂದು ಪ್ರಶ್ನೆ ಏಳುತ್ತದೆ. ದುಡ್ಡು ಕೊಟ್ಟು ತಂದ ಮೇಲೆ ಟ್ಯೂಬು ನಮ್ಮದು, ಒಳಗಿನ ಮುಲಾಮೂ ನಮ್ಮದು. ಆದರೆ ಆ ಮುಲಾಮಿಗೆ ರೋಗವನ್ನು ಕಳೆಯುವ ಶಕ್ತಿಯಿದೆಯಲ್ಲ, ಅದು ಯಾರದು? ಪ್ರಶ್ನೆ ವಿಚಿತ್ರವೆನಿಸಬಹುದು. ಅಕ್ಕಿ ಕೊಂಡರೆ ಹಸಿವು ತಣಿಸುವ ಅದರ ಗುಣವೂ ನಮ್ಮದೇ ಆಗುತ್ತದೆ. ನಾನು ಎಷ್ಟು ಉಂಡರೂ ಪಕ್ಕದ ಮನೆಯ ಅಕ್ಕಿಯ ಸತ್ವ ಕುಂದುವುದಿಲ್ಲ. ಮದ್ದು ಹಾಗಲ್ಲ. ಅದನ್ನು ನಾವೆಲ್ಲ ಬಳಸುವ ರೀತಿಯಿಂದ, ನಾವೆಂದೂ ಕಾಣದ ಊರಿನ ಅಂಗಡಿಯಲ್ಲಿರುವ ಟ್ಯೂಬಿನ ಸತ್ವವೂ ಕುಂದಬಹುದು. ಹುಳುಕಡ್ಡಿಯ ವಿಷಯದಲ್ಲಿ ನಮ್ಮ ದೇಶದಲ್ಲಿ ಆಗಿರುವುದು ಇದೇ.

ಹುಳುಕಡ್ಡಿ ಅನ್ನಿ, ಗಜಕರ್ಣ ಅನ್ನಿ, ಅದರಲ್ಲಿ ಹುಳುವೂ ಇಲ್ಲ, ಆನೆಯ ಕಿವಿಯೂ ಇಲ್ಲ. ಅದು ಚರ್ಮದ ಮೇಲೆ ಬೆಳೆಯುವ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಬೆವರು ಆರದ ಜಾಗ ಅದಕ್ಕೆ ಇಷ್ಟ: ಲಂಗದ ಲಾಡಿ ಬಿಗಿಯುವ ಸೊಂಟ, ಎದೆಯ ಕೆಳಗು, ತೊಡೆಯ ಸಂದು. ಎಲ್ಲವೂ ಹೆಂಗಸು ಬಾಯಿಬಿಟ್ಟು ಹೇಳಲಾರದ ಜಾಗಗಳು. ಕೈಮೇಲೆ ಗಾಯವಾದರೆ ಬೀದಿಗೆಲ್ಲ ತೋರಿಸುತ್ತೇವೆ, ಇದನ್ನು ಗಂಡನಿಗೂ ತೋರಿಸುವುದಿಲ್ಲ. ಡಾಕ್ಟರ ಮುಂದೆ ಸೆರಗು ಸರಿಸಬೇಕಲ್ಲ ಎಂದು ತಿಂಗಳುಗಟ್ಟಲೆ ಮುಂದೂಡುತ್ತೇವೆ. ಕೊನೆಗೆ ಔಷಧಿ ಅಂಗಡಿಗೆ ಮಗನನ್ನು ಕಳಿಸಿ, "ಕಡಿತಕ್ಕೆ ಏನಾದರೂ ಕೊಡಿ ಅಂತ ಹೇಳು" ಎನ್ನುತ್ತೇವೆ. ಅಂಗಡಿಯವನು ಕೊಡುತ್ತಾನೆ. ಎರಡು ದಿನದಲ್ಲಿ ಕಡಿತ ನಿಲ್ಲುತ್ತದೆ. ಟ್ಯೂಬು ಡಬ್ಬಿ ಸೇರುತ್ತದೆ.

ಆ ಎರಡು ದಿನದ ಪವಾಡದ ಹಿಂದೆ ಏನಿದೆ ಎಂದು ತಿಳಿಯಬೇಕಾದರೆ ಬೂಷ್ಟಿನ ಬದುಕನ್ನು ಸ್ವಲ್ಪ ನೋಡಬೇಕು.

ಉಪ್ಪಿನಕಾಯಿ ಜಾಡಿಯಲ್ಲಿ ಹತ್ತಿಯಂತೆ ಏಳುವುದು, ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಹಸಿರಾಗಿ ಕೂರುವುದು, ತಿಪ್ಪೆಯ ಅಣಬೆ, ಬ್ರೆಡ್ಡನ್ನು ಉಬ್ಬಿಸುವ ಯೀಸ್ಟು, ಎಲ್ಲವೂ ಒಂದೇ ದೊಡ್ಡ ಕುಲದವು. ನಾವು ಇವನ್ನು ಗಿಡದ ಜೊತೆ ಸೇರಿಸಿ ಯೋಚಿಸುತ್ತೇವೆ. ಆದರೆ ಜೀವಿಗಳ ವಂಶವೃಕ್ಷದಲ್ಲಿ ಶಿಲೀಂಧ್ರಗಳು ಗಿಡಗಳಿಗಿಂತ ನಮಗೇ ಹತ್ತಿರದ ನೆಂಟರು. ತೊಂದರೆ ಇರುವುದು ಈ ನೆಂಟಸ್ತಿಕೆಯಲ್ಲೇ. ಬ್ಯಾಕ್ಟೀರಿಯಾದ ಜೀವಕೋಶ ನಮ್ಮದಕ್ಕಿಂತ ಬಹಳ ಬೇರೆ, ಅದಕ್ಕೆ ಏಟು ಕೊಟ್ಟರೆ ನಮಗೆ ತಾಗದಂತೆ ನೋಡಿಕೊಳ್ಳಬಹುದು. ಬೂಷ್ಟಿನ ಕೋಶವಾದರೋ ನಮ್ಮದರಂತೆಯೇ ಕಟ್ಟಿದ ಮನೆ. ಅದನ್ನು ಕೆಡಹುವ ವಿಷ ನಮ್ಮ ಮನೆಯನ್ನೂ ಕೆಡಹಬಹುದು. ಬ್ಯಾಕ್ಟೀರಿಯಾಕ್ಕೆ ಬಗೆಬಗೆಯ ಮದ್ದುಗಳಿದ್ದರೂ ಶಿಲೀಂಧ್ರಕ್ಕೆ ಕೈಬೆರಳಲ್ಲಿ ಎಣಿಸುವಷ್ಟೇ ಗುಂಪುಗಳಿರುವುದಕ್ಕೆ ಇದು ಮುಖ್ಯ ಕಾರಣ.

ವಿಜ್ಞಾನಿಗಳು ಎರಡು ಮನೆಗಳ ನಡುವಿನ ಸಣ್ಣ ವ್ಯತ್ಯಾಸಗಳನ್ನು ಹುಡುಕಿದರು. ನಮ್ಮ ಜೀವಕೋಶದ ಹೊರಪೊರೆಯನ್ನು ಗಟ್ಟಿಯಾಗಿ ಹಿಡಿದಿಡುವುದು ಕೊಲೆಸ್ಟರಾಲ್. ರಕ್ತಪರೀಕ್ಷೆಯಿಂದ ಈ ಹೆಸರು ನಮಗೆ ಪರಿಚಿತ. ಬೂಷ್ಟಿನ ಪೊರೆಯಲ್ಲಿ ಅದೇ ಕೆಲಸವನ್ನು ಎರ್ಗೋಸ್ಟೆರಾಲ್ ಎಂಬ ಬೇರೆ ಪದಾರ್ಥ ಮಾಡುತ್ತದೆ. ಬಹುಪಾಲು ಮದ್ದುಗಳು ಏಟು ಕೊಡುವುದು ಇಲ್ಲಿಗೇ. ಎರ್ಗೋಸ್ಟೆರಾಲ್ ತಯಾರಾಗಲು ಅಡುಗೆಯಂತೆ ಹಲವು ಹಂತಗಳಿವೆ. 1990ರ ದಶಕದಲ್ಲಿ ಬಳಕೆ ಹೆಚ್ಚಿದ ಟರ್ಬಿನಾಫಿನ್ ಮೊದಲಿನ ಒಂದು ಹಂತವನ್ನು ತಡೆಯುತ್ತದೆ. ಆಗ ಸ್ಕ್ವಾಲೀನ್ ಎಂಬ ಅರೆಬೆಂದ ಸಾಮಗ್ರಿ ಕೋಶದೊಳಗೆ ರಾಶಿಬಿದ್ದು ವಿಷವಾಗುತ್ತದೆ, ಪೊರೆಗೆ ಬೇಕಾದದ್ದೂ ಸಿಗುವುದಿಲ್ಲ. ಫ್ಲುಕೊನಜೋಲ್, ಇಟ್ರಾಕೊನಜೋಲ್ ಮುಂತಾದ ಅಜೋಲ್ ಗುಂಪಿನವು ಮುಂದಿನ ಹಂತವೊಂದನ್ನು ತಡೆಯುತ್ತವೆ. ಆಂಫೊಟೆರಿಸಿನ್ ನೇರವಾಗಿ ಪೊರೆಯ ಎರ್ಗೋಸ್ಟೆರಾಲನ್ನೇ ಹಿಡಿದು ಪೊರೆಯನ್ನು ಕೆಡಿಸುತ್ತದೆ. ಅದು ನಮ್ಮ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದಾದ್ದರಿಂದ ಡಾಕ್ಟರರು ಅದನ್ನು ಎಚ್ಚರದಿಂದ ಬಳಸುತ್ತಾರೆ. ಇನ್ನೊಂದು ಗುಂಪು ಪೊರೆಯ ಹೊರಗಿನ ಗೋಡೆಯನ್ನು ಕಟ್ಟಲು ಬಿಡುವುದಿಲ್ಲ. ನಮ್ಮ ಕೋಶಗಳಿಗೆ ಗೋಡೆಯೇ ಇಲ್ಲದ್ದರಿಂದ ಅದು ನಮಗೆ ಅಷ್ಟಾಗಿ ತಾಗದು. ಮುಖ್ಯವಾದವು ಹೆಚ್ಚುಕಡಿಮೆ ಇಷ್ಟೇ.

ಈ ಸಣ್ಣ ಪಟ್ಟಿಯ ಮೊದಲ ಸಾಲುಗಳಲ್ಲಿ ಇಬ್ಬರು ಹೆಂಗಸರ ಹೆಸರಿದೆ. ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿದ್ದವರು, ರೇಚಲ್ ಬ್ರೌನ್ ಅದೇ ರಾಜ್ಯದ ಆಲ್ಬನಿಯಲ್ಲಿದ್ದವರು. ಇಬ್ಬರೂ ರಾಜ್ಯದ ಆರೋಗ್ಯ ಇಲಾಖೆಯ ನೌಕರರು. ಹೇಜನ್ ಬೇರೆ ಬೇರೆ ಕಡೆಯ ಮಣ್ಣು ತರಿಸಿ ಅದರೊಳಗಿನ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಿದ್ದರು. ಯಾವುದಾದರೂ ಬೂಷ್ಟನ್ನು ಕೊಲ್ಲುವಂತೆ ಕಂಡರೆ ಜಾಡಿಯಲ್ಲಿ ತುಂಬಿ ಅಂಚೆಯಲ್ಲಿ ಬ್ರೌನ್ ಅವರಿಗೆ ಕಳಿಸುತ್ತಿದ್ದರು. ಬ್ರೌನ್ ಅದರ ಸತ್ವವನ್ನು ಬೇರ್ಪಡಿಸಿ ಮತ್ತೆ ಅಂಚೆಯಲ್ಲೇ ಹಿಂದಕ್ಕೆ ಕಳಿಸುತ್ತಿದ್ದರು. ಬೂಷ್ಟನ್ನು ಕೊಂದ ಎಷ್ಟೋ ಸತ್ವಗಳು ಇಲಿಗಳನ್ನೂ ಕೊಂದವು. ಕೊನೆಗೆ ವರ್ಜೀನಿಯಾದಲ್ಲಿ ಹೇಜನ್ ಅವರ ಸ್ನೇಹಿತರ ಹಾಲಿನ ಫಾರ್ಮಿನ ಮಣ್ಣಿನಲ್ಲಿ ಬೇಕಾದದ್ದು ಸಿಕ್ಕಿತು. 1950ರಲ್ಲಿ ಅದನ್ನು ಪ್ರಕಟಿಸಿದರು. ನ್ಯೂಯಾರ್ಕ್ ಸ್ಟೇಟ್ ಎಂಬುದರಿಂದ ಅದಕ್ಕೆ ನಿಸ್ಟಾಟಿನ್ ಎಂಬ ಹೆಸರು ಬಂತು. ಮಕ್ಕಳ ಬಾಯಲ್ಲಿ ಬೆಳ್ಳಗೆ ಕೂರುವ ಬೂಷ್ಟಿಗೆ ಇಂದಿಗೂ ಅದನ್ನು ಕೊಡುತ್ತಾರೆ.

ಆ ಔಷಧಿಯಿಂದ ಬಂದ ಗೌರವಧನ 1 ಕೋಟಿ 30 ಲಕ್ಷ ಡಾಲರಿಗೂ ಮೀರಿತು. ಇಬ್ಬರೂ ಅದನ್ನು ತಾವು ಇಟ್ಟುಕೊಳ್ಳದೆ ವಿಜ್ಞಾನದ ಸಂಶೋಧನೆಗೆ ಬಿಟ್ಟುಕೊಟ್ಟರು. ಕಾನೂನಿನಲ್ಲಿ ಆ ಹಣಕ್ಕೆ ಅವರಿಗೆ ಹಕ್ಕಿತ್ತು, ಆದರೂ ಅದನ್ನು ತಮ್ಮ ಪಾಲೆಂದು ಅವರು ಭಾವಿಸಲಿಲ್ಲ. ಮಣ್ಣಿನಲ್ಲಿದ್ದ ಜೀವಿಯ ಗುಣ, ಎಷ್ಟೋ ಜನರ ಕೆಲಸ, ಸರ್ಕಾರದ ಸಂಬಳ, ಅಂಚೆಯವನ ಚೀಲ ಎಲ್ಲ ಸೇರಿ ಆದದ್ದನ್ನು "ನನ್ನದು" ಎನ್ನುವುದು ಹೇಗೆ? ಮದ್ದಿನ ಶಕ್ತಿ ಯಾರದು ಎಂಬ ನನ್ನ ಪ್ರಶ್ನೆಗೆ ಆ ಇಬ್ಬರ ನಡತೆಯಲ್ಲಿ ಒಂದು ಉತ್ತರ ಕಾಣುತ್ತದೆ. ಅದು ಊರ ಕೆರೆಯಂಥದು. ಎಲ್ಲರೂ ನೀರು ತುಂಬಿಕೊಳ್ಳಬಹುದು, ಕೆಡಿಸಲು ಮಾತ್ರ ಯಾರಿಗೂ ಹಕ್ಕಿಲ್ಲ.

ಕೆರೆ ಕೆಡುವುದು ಹೇಗೆ? ಮದ್ದನ್ನು ಕಂಡು ಬೂಷ್ಟು ಪಾಠ ಕಲಿಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದಕ್ಕೆ ಅಂಥ ಬುದ್ಧಿಯಿಲ್ಲ. ಬೂಷ್ಟು ಕೋಟಿಗಟ್ಟಲೆಯಾಗಿ ಹೆಚ್ಚುವಾಗ ನಕಲು ಮಾಡುವ ಕೈ ಅಲ್ಲೊಂದು ಇಲ್ಲೊಂದು ತಪ್ಪುತ್ತದೆ. ಹೆಚ್ಚಿನ ತಪ್ಪುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಯಾವುದೋ ಒಂದು ತಪ್ಪಿನಿಂದ ಮಾತ್ರ ಮದ್ದು ಕೂರಬೇಕಾದ ಜಾಗದ ಆಕಾರ ಬದಲಾಗುತ್ತದೆ, ಬೀಗ ಬದಲಾದ ಮನೆಗೆ ಹಳೆಯ ಬೀಗದ ಕೈ ಹಿಡಿಸದ ಹಾಗೆ. ಟರ್ಬಿನಾಫಿನ್ ಹೋಗಿ ಕೂರುವ ಪ್ರೋಟೀನು ನಾನೂರಕ್ಕೂ ಹೆಚ್ಚು ಮಣಿಗಳ ಒಂದು ಸರ. ಅದರ 397ನೆಯ ಮಣಿಯೊಂದು ಬದಲಾದರೂ ಸಾಕು, ಮದ್ದು ಹೆಚ್ಚುಕಡಿಮೆ ನಿಷ್ಫಲ. ಇನ್ನು ಕೆಲವು ಬೂಷ್ಟುಗಳು ಒಳಬಂದ ಮದ್ದನ್ನು, ಮಳೆಗೆ ಮನೆಯೊಳಗೆ ನುಗ್ಗಿದ ನೀರನ್ನು ನಾವು ತೋಡಿ ಹೊರಚೆಲ್ಲುವಂತೆ, ಹೊರಕ್ಕೆ ತಳ್ಳುತ್ತವೆ. ಮದ್ದು ತಾಗಿದಾಗ ಸಾಧುಗಳೆಲ್ಲ ಸಾಯುತ್ತವೆ, ಇಂಥವು ಉಳಿಯುತ್ತವೆ. ಖಾಲಿಯಾದ ಹೊಲವೆಲ್ಲ ಆಮೇಲೆ ಅವಕ್ಕೇ. ಮದ್ದು ಇಲ್ಲಿ ಮೊರದ ಕೆಲಸ ಮಾಡಿತು. ಕೇರಿದೆವು, ಕಲ್ಲು ಉಳಿಯಿತು.

ನಮ್ಮಲ್ಲಿ ಈ ಕೇರುವಿಕೆ ವಿಪರೀತವಾಗಿ ನಡೆಯಿತು. ಬೂಷ್ಟಿನ ಮದ್ದು, ಬ್ಯಾಕ್ಟೀರಿಯಾದ ಮದ್ದು, ಜೊತೆಗೆ ಬಲವಾದ ಸ್ಟೀರಾಯ್ಡ್, ಮೂರನ್ನೂ ಕಲಸಿದ ಮುಲಾಮುಗಳು ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾದವು. ಎರಡು ದಿನದಲ್ಲಿ ಕಡಿತ ನಿಲ್ಲಿಸುವ ಪವಾಡ ಸ್ಟೀರಾಯ್ಡಿನದು. ಕಡಿತ, ಉರಿ, ಕೆಂಪು ಎಲ್ಲ ನಮ್ಮ ಮೈ ಹೋರಾಡುತ್ತಿರುವ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ಮೇಲೆ ಶಾಂತಿ, ಒಳಗೆ ಬೂಷ್ಟು ಆರಾಮವಾಗಿ ಹರಡುತ್ತದೆ, ಚರ್ಮ ತೆಳ್ಳಗಾಗಿ ಬಿರುಕಿನಂಥ ಗೆರೆ ಬೀಳುತ್ತದೆ. ಕಡಿತ ನಿಲ್ಲುವುದೇ ಬೇರೆ, ರೋಗ ಹೋಗುವುದೇ ಬೇರೆ. ಸರಿಸುಮಾರು 2014ರಿಂದೀಚೆಗೆ ದೇಶದ ಚರ್ಮವೈದ್ಯರು ಬಗ್ಗದ ಹುಳುಕಡ್ಡಿಯನ್ನು ಹೆಚ್ಚುಹೆಚ್ಚಾಗಿ ಕಾಣತೊಡಗಿದರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಕೆಲವು ಮಿಶ್ರಣಗಳನ್ನು ನಿಷೇಧಿಸಿತು, ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. 2020ರಲ್ಲಿ ಜಪಾನಿನ ಸಂಶೋಧಕರು ಈ ಮೊಂಡು ಬೂಷ್ಟಿಗೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶವಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅದರ ಮೊದಲ ವರದಿ ಬಂತು. ರೋಗಿಗಳಿಬ್ಬರೂ ನ್ಯೂಯಾರ್ಕ್ ನಗರದ ಹೆಂಗಸರು. ಒಬ್ಬಾಕೆ ಬಾಂಗ್ಲಾದೇಶಕ್ಕೆ ಹೋಗಿದ್ದವಳು. ಇನ್ನೊಬ್ಬಾಕೆ ಆಚೀಚೆ ಹೊರದೇಶಕ್ಕೆ ಹೋದವಳೇ ಅಲ್ಲ. ಎಪ್ಪತ್ತಮೂರು ವರ್ಷಗಳ ಹಿಂದೆ ಒಂದು ಮದ್ದು ಹೊರಟ ಊರಿಗೆ ಮದ್ದಿಗೆ ಬಗ್ಗದ ಬೂಷ್ಟು ಹೋಗಿ ಸೇರಿತು.

ಇಲ್ಲಿ ಅಪರಾಧಿ ಯಾರು?

ನಾವು ಚಿಕ್ಕಂದಿನಲ್ಲಿ ಕೇಳಿದ ಕತೆಯೊಂದಿದೆ. ರಾತ್ರಿ ಮನೆಗೊಂದು ಚೊಂಬು ಹಾಲನ್ನು ಕೊಳಕ್ಕೆ ಸುರಿಯಬೇಕೆಂದು ರಾಜ ಡಂಗುರ ಹೊಡೆಸಿದ. ಅಷ್ಟು ಹಾಲಿನಲ್ಲಿ ನನ್ನದೊಂದು ಚೊಂಬು ನೀರು ಯಾರಿಗೆ ಗೊತ್ತಾದೀತು ಎಂದು ಒಬ್ಬೊಬ್ಬರೂ ನೀರು ಸುರಿದರು. ಬೆಳಗಾಗುವಾಗ ಕೊಳದ ತುಂಬ ನೀರು. ಮದ್ದಿನ ಕತೆಯೂ ಹೀಗೇ ಎನ್ನಬಹುದು. ಆದರೆ ಒಂದು ವ್ಯತ್ಯಾಸವಿದೆ. ಆ ಊರಿನವರಿಗೆ ತಾವು ನೀರು ಸುರಿಯುತ್ತಿದ್ದೇವೆಂದು ಗೊತ್ತಿತ್ತು. ಮುಲಾಮು ಹಚ್ಚಿಕೊಂಡವಳಾದರೆ ತಾನು ಹಾಲೇ ಸುರಿಯುತ್ತಿದ್ದೇನೆಂದು ನಂಬಿದ್ದಳು. ಪಾಪಕ್ಕೆ ಒಬ್ಬ ಕರ್ತೃ ಬೇಕು, ಅವನಿಗೆ ಅರಿವು ಇರಬೇಕು ಎಂದು ನಾವು ನಂಬಿದವರು. ಕೋಟಿ ಜನ ಅರಿಯದೆ ಮಾಡಿದ್ದಕ್ಕೆ ಪಾಪದ ಲೆಕ್ಕ ಹಾಕುವುದು ಹೇಗೆ?

ಮನೆಗಳನ್ನಷ್ಟೇ ದೂರುವಂತೆಯೂ ಇಲ್ಲ. ಬೂಷ್ಟು ಬೆಳೆಗೂ ಬರುತ್ತದೆ. ದ್ರಾಕ್ಷಿಯ ಬೂದಿರೋಗಕ್ಕೆ, ಗೋಧಿಯ ತುಕ್ಕಿಗೆ ಸಿಂಪಡಿಸುವ ಔಷಧಿಗಳಲ್ಲಿ ಅಜೋಲ್ ಗುಂಪಿನವೂ ಇವೆ. ಗದ್ದೆಯ ಮಣ್ಣಿನಲ್ಲಿ, ಕೊಳೆತ ಸೊಪ್ಪಿನಲ್ಲಿ ಬದುಕುವ ಆಸ್ಪರ್ಜಿಲಸ್ ಎಂಬ ಬೂಷ್ಟು ಆ ಸಿಂಪಡಣೆಗೆ ಸಿಕ್ಕಿ, ಅಲ್ಲೇ ಕೇರಿಸಿಕೊಂಡು, ಗಾಳಿಯಲ್ಲಿ ತೇಲಿ ರೋಗಿಯ ಶ್ವಾಸಕೋಶಕ್ಕೆ ಇಳಿಯುತ್ತದೆ. ನೆದರ್ಲೆಂಡ್ಸ್ ದೇಶದಲ್ಲಿ ಅಜೋಲ್ ಮಾತ್ರೆಯನ್ನು ಒಮ್ಮೆಯೂ ನುಂಗದ ರೋಗಿಗಳಲ್ಲೂ ಅಜೋಲಿಗೆ ಬಗ್ಗದ ಬೂಷ್ಟು ಕಂಡದ್ದು ಹೀಗೆ. 2012ರಲ್ಲಿ ನಮ್ಮ ದೇಶದ ಮಣ್ಣಿನಲ್ಲೂ ಅಂಥ ತಳಿ ಇರುವುದು ವರದಿಯಾಯಿತು. ಬೆಳೆ ಉಳಿಸಿಕೊಳ್ಳಲು ಸಿಂಪಡಿಸಿದ ರೈತ ತಪ್ಪು ಮಾಡಿದನೇ? ಸಾಲ ತೀರಿಸಬೇಕಾದವನಿಗೆ ಎಲ್ಲೋ ಇರುವ ರೋಗಿಯ ಶ್ವಾಸಕೋಶ ಕಾಣುವುದಾದರೂ ಹೇಗೆ?

ನಮ್ಮ ಬೀದಿಗೆ ಹೂವು ತರುವ ಹೆಂಗಸೊಬ್ಬಳಿದ್ದಾಳೆ. ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡೇ ಅವಳ ಬೆಳಗು ಕಳೆಯುತ್ತದೆ. ಅವಳ ಮನೆಯ ಐವರಿಗೂ ಎರಡು ವರ್ಷ ಹುಳುಕಡ್ಡಿ ಕಾಡಿತು. ಒಬ್ಬರಿಗೆ ವಾಸಿಯಾಗುವಷ್ಟರಲ್ಲಿ ಇನ್ನೊಬ್ಬರಿಗೆ. ಡಾಕ್ಟರು ತಿಂಗಳುಗಟ್ಟಲೆ ಮಾತ್ರೆ ನುಂಗಲು ಹೇಳಿದ್ದರು, ಎಲ್ಲರ ಬಟ್ಟೆ ಬೇರೆ ಬೇರೆ ಒಗೆದು ಬಿಸಿಲಿಗೆ ಹಾಕಲು ಹೇಳಿದ್ದರು. "ನಿಲ್ಲಿಸಬಾರದು ಅಂದಿದ್ರಲ್ಲಮ್ಮ" ಎಂದು ಒಮ್ಮೆ ನಾನು ಕೇಳಿದೆ. "ಕಡಿತ ನಿಂತ್ ಮೇಲೂ ಮಾತ್ರೆ ತಗೊಳ್ಳೋದು ಹೆಂಗಮ್ಮಾ? ಆ ದುಡ್ಡಿಗೆ ವಾರದ ಅಕ್ಕಿ ಬತ್ತದೆ. ಬಟ್ಟೆ ಬ್ಯಾರೆ ಬ್ಯಾರೆ ಒಗಿಯಾಕೆ ನಲ್ಲಿ ಬರಾದೇ ಎರಡ್ ದಿನಕ್ಕೊಂದ್ ಸಲ" ಎಂದಳು. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ, ದೈನ್ಯವೂ ಇರಲಿಲ್ಲ. ಬೆಲೆ ಹೇಳುವಂತೆ ಹೇಳಿದಳು.

"ಜನಕ್ಕೆ ತಿಳುವಳಿಕೆಯಿಲ್ಲ, ಅರ್ಧಕ್ಕೆ ಮದ್ದು ಬಿಡುತ್ತಾರೆ" ಎಂಬ ಮಾತನ್ನು ಎಲ್ಲಿ ಕೇಳಿದರೂ ನನಗೆ ಅವಳ ಲೆಕ್ಕಾಚಾರ ನೆನಪಾಗುತ್ತದೆ. ಅವಳಿಗೆ ತಿಳುವಳಿಕೆ ಇತ್ತು, ಆಯ್ಕೆ ಇರಲಿಲ್ಲ. ದೂರು ನೀರಿನಂತೆ, ಯಾವಾಗಲೂ ತಗ್ಗಿಗೇ ಹರಿಯುತ್ತದೆ. ಕಂಪನಿ ಅಂಗಡಿಯವನನ್ನು ತೋರಿಸುತ್ತದೆ, ಅಂಗಡಿಯವನು ಗಿರಾಕಿಯನ್ನು ತೋರಿಸುತ್ತಾನೆ, ಗಿರಾಕಿಗಿಂತ ಕೆಳಗೆ ಯಾರೂ ಇಲ್ಲದ್ದರಿಂದ ದೂರು ಅಲ್ಲೇ ನಿಲ್ಲುತ್ತದೆ. ಆಕೆ ಹೆಂಗಸಾದರೆ ಕೊಳಕು ಎಂಬ ಬಿರುದೂ ಸೇರಿಕೊಳ್ಳುತ್ತದೆ.

ಹಾಗಾದರೆ ಯಾರೂ ಹೊಣೆಯಲ್ಲವೆಂದು ಕೈತೊಳೆದುಕೊಳ್ಳುವುದೇ? ಹಾಗೆ ಮಾಡುವಂತಿಲ್ಲ. ಕೆರೆ ಬತ್ತಿದರೆ ಏನಾಗುತ್ತದೆಂದು 2021ರಲ್ಲಿ ಒಂದಿಷ್ಟು ಕಂಡೆವು. ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ದೇಶದಲ್ಲಿ 40,000ಕ್ಕೂ ಹೆಚ್ಚು ಜನರನ್ನು ಹಿಡಿಯಿತು. ಅದಕ್ಕೆ ಫ್ಲುಕೊನಜೋಲ್ ಹುಟ್ಟಿನಿಂದಲೇ ನಾಟುವುದಿಲ್ಲ. ನೆಚ್ಚಿಕೊಳ್ಳಬೇಕಾದದ್ದು ಆಂಫೊಟೆರಿಸಿನನ್ನು. ನಮ್ಮ ರಾಜ್ಯವೂ ಸೇರಿ ಎಲ್ಲೆಡೆ ಅದಕ್ಕೆ ಅಭಾವ ಬಂದು, ಮನೆಯವರು ಸೀಸೆಗಾಗಿ ಊರೂರು ಅಲೆದರು. ಅದು ಮದ್ದು ಸಾಲದೆ ಬಂದ ಸಂಕಟ. ಮದ್ದು ಕೈಯಲ್ಲಿದ್ದೂ ನಾಟದಿದ್ದರೆ ಅಲೆಯಲು ಊರೂ ಇರುವುದಿಲ್ಲ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಲ್ಲಿ ಮೊದಲು ಕಂಡ ಕ್ಯಾಂಡಿಡಾ ಆರಿಸ್ ಎಂಬ ಯೀಸ್ಟು ಈಗ ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿದೆ, ಅದರ ಕೆಲವು ತಳಿಗಳು ಮುಖ್ಯ ಗುಂಪುಗಳ ಮದ್ದುಗಳಿಗೆಲ್ಲ ಬಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ ಅಪಾಯದ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಅದನ್ನು ಮೇಲಿನ ಸಾಲಿನಲ್ಲೇ ಇರಿಸಿತು.

ನನಗೆ ತೋಚುವುದು ಇಷ್ಟು. ಇಂಥ ವಿಷಯದಲ್ಲಿ ಹೊಣೆಯನ್ನು ಅಳೆಯುವ ಸೇರು ಆಯ್ಕೆಯೇ. ಯಾರಿಗೆ ಎಷ್ಟು ಆಯ್ಕೆಯಿತ್ತೋ ಅಷ್ಟು ಹೊಣೆ. ಮೂರು ಮದ್ದು ಕಲಸಿ ಲಾಭಕ್ಕೆ ಮಾರಿದವರಿಗೆ ಕಲಸದೆ ಇರುವ ಆಯ್ಕೆಯಿತ್ತು. ಅವರ ಪಾಲು ಕೊಳಗದಷ್ಟು. ಚೀಟಿ ಕೇಳದೆ ಕೊಟ್ಟ ಅಂಗಡಿಯವನದು ಬಳ್ಳದಷ್ಟು. ಹೂವಿನಾಕೆಯದು ಚಿಟಿಕೆ. ಅವಳ ಮಾತ್ರೆಗೆ ದುಡ್ಡು ಒದಗಿಸುವುದು ಅವಳಿಗೆ ದಾನ ಮಾಡಿದಂತಲ್ಲ, ನಮ್ಮೆಲ್ಲರ ಕೆರೆಯ ಏರಿಗೆ ಮಣ್ಣು ಹಾಕಿದಂತೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಅವಧಿಯ ಮಾತ್ರೆ ಸಿಗಬೇಕು, ನಲ್ಲಿಯಲ್ಲಿ ದಿನವೂ ನೀರು ಬರಬೇಕು ಎಂದು ಕೇಳುವುದು ಮದ್ದನ್ನು ಉಳಿಸುವ ಕೆಲಸವೇ.

ಇನ್ನು ನಾವು, ಬಿಸ್ಕತ್ತಿನ ಡಬ್ಬಿಯ ಯಜಮಾನಿಯರು. ನಮಗೆ ಹೂವಿನಾಕೆಗಿಂತ ಹೆಚ್ಚು ಆಯ್ಕೆಯಿದೆ. ಡಾಕ್ಟರ ಬಳಿ ಹೋಗಲು ಆಟೋದ ದುಡ್ಡಿದೆ, ಮಾತ್ರೆ ಮುಗಿಸಲು ಶಕ್ತಿಯಿದೆ. ಅಡ್ಡಬರುವುದು ನಾಚಿಕೆ. ಹೆಣ್ಣಿನ ಮೈಯನ್ನು ಅವಳಿಂದಲೇ ಮುಚ್ಚಿಡಲು ಕಲಿಸಿದ ನಾಚಿಕೆಯಿಂದ ಒಬ್ಬಳಷ್ಟೇ ನರಳುವುದಿಲ್ಲ, ಊರಿನ ಮದ್ದೂ ಕೆಡುತ್ತದೆ. ಬೆಳೆದ ಮಗಳ ಮುಂದೆ, ಸೊಸೆಯ ಮುಂದೆ "ನನಗೆ ಇಲ್ಲಿ ಹುಳುಕಡ್ಡಿಯಾಗಿದೆ, ಚರ್ಮದ ಡಾಕ್ಟರ ಹತ್ತಿರ ಹೋಗೋಣ" ಎಂದು ಸಹಜವಾಗಿ ಹೇಳಿದರೆ, ಮುಂದೊಂದು ದಿನ ಅವಳೂ ಮುಚ್ಚಿಡದೆ ಹೇಳಿಯಾಳು. ಮಿತವ್ಯಯದ ಅರ್ಥವನ್ನೂ ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು. ಉಳಿದ ಮುಲಾಮನ್ನು ನೆರೆಯವರಿಗೆ ಕೊಟ್ಟರೆ ಉಳಿತಾಯವಾಗುವುದು ಟ್ಯೂಬಿನ ಬೆಲೆ ಮಾತ್ರ, ಖರ್ಚಾಗುವುದು ಮದ್ದಿನ ಸತ್ವ. ಕೇಳಿದವರಿಗೆ ಟ್ಯೂಬಿನ ಬದಲು ಜೊತೆ ಕೊಡಬಹುದು, "ಬನ್ನಿ, ನಾನೂ ಬರ್ತೀನಿ, ಡಾಕ್ಟರಿಗೆ ತೋರಿಸೋಣ" ಎಂದು.

ಇದರಿಂದ ಯಾರಿಗೆ ಒಳ್ಳೆಯದಾಯಿತೆಂದು ನಮಗೆ ಎಂದೂ ತಿಳಿಯುವುದಿಲ್ಲ. ಹಿಂದೆ ಕೆರೆ ಕಟ್ಟಿಸಿದವರಿಗೆ ಶಾಸನವಾದರೂ ಇತ್ತು. ಏರಿ ಒಡೆಯದಂತೆ ಪ್ರತಿ ಮಳೆಗಾಲದಲ್ಲೂ ಮಣ್ಣು ಹೊತ್ತ ಹೆಂಗಸರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ, ಆದರೂ ನೀರು ನಿಂತದ್ದು ಅವರಿಂದಲೇ. ಮುಂದೆ ಯಾವುದೋ ಊರಿನ ಆಸ್ಪತ್ರೆಯಲ್ಲಿ ಯಾರದೋ ಮಗುವಿಗೆ ಹಳೆಯ ಮದ್ದೇ ನಾಟಿದರೆ, ಅದರ ತಾಯಿ ದೇವರಿಗೆ ಕೈಮುಗಿದು ಮನೆಗೆ ಹೋಗುತ್ತಾಳೆ. ಅವಳು ನಮ್ಮನ್ನು ನೆನೆಯಬೇಕಾದ ಅಗತ್ಯವೇನೂ ಇಲ್ಲ.